ಆಟಕ್ಕೆ ಕೂತ ಹೆಂಗಸು

ನಮ್ಮ ಭಾವನವರ ಮನೆಯ ಅಂಗಳದಲ್ಲಿ ಒಂದು ಯೆಜ್ಡಿ ಮೋಟಾರ್ ಸೈಕಲ್ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವ ಮೊದಲು ಅಲ್ಲಿಂದ ಹೊರಬಿದ್ದದ್ದು. ಭಾವ ಅದನ್ನು ನಾಲ್ಕು ವರ್ಷಗಳಿಂದ ಬಿಚ್ಚುತ್ತಿದ್ದಾರೆ, ಜೋಡಿಸುತ್ತಿದ್ದಾರೆ, ಮತ್ತೆ ಬಿಚ್ಚುತ್ತಿದ್ದಾರೆ. ಒಂದು ಸೈಲೆನ್ಸರಿಗಾಗಿ ಕೊಯಮತ್ತೂರಿನವರೆಗೆ ಹೋಗಿಬಂದರು. ಎಂಜಿನ್ನಿನ ಯಾವುದೋ ಭಾಗ ಮೂರು ತಿಂಗಳು ಅಕ್ಕನ ದೇವರ ಮನೆಯ ಪಕ್ಕದ ಗೂಡಿನಲ್ಲಿ ಹಳೆಯ ಬನಿಯನ್ ಸುತ್ತಿಕೊಂಡು ಮಲಗಿತ್ತು. ಖರ್ಚು 60,000 ದಾಟಿದೆ ಎಂದು ಅಕ್ಕ ಪಿಸುಮಾತಿನಲ್ಲಿ ಹೇಳುತ್ತಾಳೆ. ಬಂದ ನೆಂಟರೆಲ್ಲ ಅಂಗಳದಲ್ಲಿ ನಿಂತು, "ಎಂಥ ಹವ್ಯಾಸ ರೀ ನಿಮ್ಮದು! ಈ ಕಾಲದಲ್ಲಿ ಇಷ್ಟು ತಾಳ್ಮೆ ಯಾರಿಗಿದೆ?" ಎಂದು ಹೊಗಳುತ್ತಾರೆ. ಅಕ್ಕ ಒಳಗಿನಿಂದ ಕಾಫಿ ತಂದುಕೊಡುತ್ತಾಳೆ. ಈ ನಾಲ್ಕು ವರ್ಷಗಳಲ್ಲಿ ಒಬ್ಬರಾದರೂ "ಇದರಿಂದ ಏನು ಉಪಯೋಗ?" ಎಂದು ಅವರನ್ನು ಕೇಳಿದ್ದನ್ನು ನಾನು ಕೇಳಿಲ್ಲ.

ಕಳೆದ ವರ್ಷ ನಾನು ಅಟ್ಟದಿಂದ ಒಂದು ಹಳೆಯ ಕಂಪ್ಯೂಟರ್ ಇಳಿಸಿಕೊಂಡು, ಅದನ್ನು ಆಟವಾಡುವ ಯಂತ್ರವನ್ನಾಗಿ ಮಾಡಲು ಹೊರಟಾಗ ಆ ಪ್ರಶ್ನೆಯನ್ನು ಹನ್ನೊಂದು ಜನ ಕೇಳಿದರು. ಲೆಕ್ಕ ಇಟ್ಟಿದ್ದೇನೆ. ಹನ್ನೊಂದರಲ್ಲಿ ಏಳು ಮಂದಿ ಹೆಂಗಸರು.

ಆ ಯಂತ್ರ ನನ್ನ ಕೈಗೆ ಬಂದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ. 2000ದ ಆಸುಪಾಸಿನಲ್ಲಿ ನಾನು ದಾವಣಗೆರೆಯ ಒಂದು ಮುದ್ರಣಾಲಯದಲ್ಲಿ ಡಿಟಿಪಿ ಕೆಲಸಕ್ಕಿದ್ದೆ. ತಿಂಗಳಿಗೆ 1,800 ರೂಪಾಯಿ. ಲಗ್ನಪತ್ರಿಕೆ, ಗೃಹಪ್ರವೇಶದ ಆಮಂತ್ರಣ, ಬಿಲ್ ಪುಸ್ತಕ, ಚುನಾವಣೆ ಬಂದರೆ ಕರಪತ್ರ, ಯಾರಾದರೂ ಮೇಷ್ಟರು ನಿವೃತ್ತರಾದರೆ ಒಂದು ಕವನ ಸಂಕಲನ. ನಾವು ಮೂವರು ಹುಡುಗಿಯರು ಹೊರಗಿನ ಹಜಾರದಲ್ಲಿ ಮೂರು ಮಂದಗತಿಯ ಯಂತ್ರಗಳ ಮುಂದೆ ಕೂತು ಟೈಪ್ ಮಾಡುತ್ತಿದ್ದೆವು. ಒಳಗೆ ಗಾಜಿನ ಬಾಗಿಲಿನ, ಏರ್ ಕಂಡೀಷನ್ ಇದ್ದ ಕೋಣೆಯಲ್ಲಿ "ಡಬಲ್ ಪ್ರೊಸೆಸರ್" ಇತ್ತು. ಯಜಮಾನರು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಜೋಡಿಸಿ ತರಿಸಿದ ಯಂತ್ರ. ಫೋಟೊ ಸ್ಕ್ಯಾನ್ ಮಾಡುವುದಕ್ಕೆ, ಫೋಟೊಶಾಪಿನಲ್ಲಿ ಬಣ್ಣ ತಿದ್ದುವುದಕ್ಕೆ. ಅದರ ಮುಂದೆ ಕೂರುತ್ತಿದ್ದ ಹುಡುಗನಿಗೆ ಡಿಸೈನರ್ ಎಂದು ಹೆಸರು. ನಮಗೆ ಆಪರೇಟರ್ ಎಂದು ಹೆಸರು. ಅವನು ಕೆಲಸಕ್ಕೆ ಸೇರಿದ್ದು ನನಗಿಂತ ಎರಡು ವರ್ಷ ತಡವಾಗಿ, ಅಕ್ಷರಗಳ ಅಳತೆ, ಅಂಚಿನ ಅಳತೆ ಕಲಿತದ್ದು ನನ್ನಿಂದಲೇ ಎಂಬುದನ್ನು ಇಲ್ಲಿ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ.

ಸಂಜೆ ಆರಕ್ಕೆ ನಾವು ಮೂವರೂ ವ್ಯಾನಿಟಿ ಬ್ಯಾಗ್ ಹಿಡಿದು ಹೊರಡಬೇಕು. ನನಗೆ ಹರಿಹರದ ಕಡೆಯ ಆರೂವರೆಯ ಬಸ್ಸು. ಅದು ತಪ್ಪಿದರೆ ಮನೆಯಲ್ಲಿ ಪೊಲೀಸ್ ಠಾಣೆಗಿಂತ ದೊಡ್ಡ ವಿಚಾರಣೆ. ನಾವು ಹೊರಟ ಮೇಲೆ ಯಜಮಾನರ ಮಗ, ಆ ಡಿಸೈನರ್, ಪ್ಲೇಟ್ ಮಾಡುವ ಹುಡುಗ ಎಲ್ಲ ಸೇರಿ ಗಾಜಿನ ಕೋಣೆಯಲ್ಲಿ ಆಟಕ್ಕೆ ಕೂರುತ್ತಿದ್ದರು. ಬೆಳಿಗ್ಗೆ ಬಂದರೆ ಮೇಜಿನ ಮೇಲೆ ಮಿರ್ಚಿ ಮಂಡಕ್ಕಿಯ ಕಾಗದ, ಚಹಾದ ಲೋಟಗಳು. ಅವನ್ನು ಎತ್ತುತ್ತಿದ್ದವರು ನಾವೇ.

ಒಂದು ದಿನ ಜೋರು ಮಳೆ. ಬಸ್ ನಿಲ್ದಾಣಕ್ಕೆ ಹೋಗುವಂತಿರಲಿಲ್ಲ. ಗಾಜಿನ ಬಾಗಿಲಿನ ಹೊರಗೆ ನಿಂತು ಹತ್ತು ನಿಮಿಷ ನೋಡಿದೆ. ಕ್ವೇಕ್ 3 ಅರೀನಾ ಎಂಬ ಆಟ. 1999ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಹೊರಬಂದದ್ದು, ಕೆಲವೇ ತಿಂಗಳಲ್ಲಿ ದಾವಣಗೆರೆಗೆ ಹೇಗೆ ಬಂತೋ, ಅದರ ದಾರಿಯನ್ನು ಕೇಳಬಾರದು. ಕಲ್ಲಿನ ಕಮಾನುಗಳು, ಗಾಳಿಯಲ್ಲಿ ತೇಲುವ ಜಗಲಿಗಳು, ಒಂದು ಜಗಲಿಯಿಂದ ಇನ್ನೊಂದಕ್ಕೆ ಹಾರುವ ಮನುಷ್ಯರು. ನನ್ನ ಎದೆ ಬಡಿದುಕೊಂಡ ರೀತಿ ಇನ್ನೂ ನೆನಪಿದೆ. ಬಾಗಿಲು ತಳ್ಳಿ, "ನನಗೂ ಒಂದು ಸಲ ಕೊಡ್ರಿ" ಎಂದೆ.

ಮೂವರೂ ನಕ್ಕರು. ಕೆಟ್ಟ ನಗುವಲ್ಲ, ಮಕ್ಕಳು ಏನೋ ಕೇಳಿದಾಗ ದೊಡ್ಡವರು ನಗುವ ಹಾಗೆ. ಡಿಸೈನರ್ ಹುಡುಗ ಹೇಳಿದ: "ಅಕ್ಕಾರ, ಇದು ಹೆಣ್ಮಕ್ಕಳ ಆಟ ಅಲ್ರೀ, ತಲೆ ತಿರುಗ್ತೈತಿ. ನಿಮ್ಮ ಮಿಶಿನ್ನಾಗೆ ಇಸ್ಪೀಟು ಐತಲ್ಲ, ಅದನ್ನ ಆಡ್ರಿ."

ನಾನು ಬಾಗಿಲು ಹಾಕಿಕೊಂಡು ಬಂದೆ. ಮಳೆ ನಿಂತಿರಲಿಲ್ಲ, ಆದರೂ ಹೊರಟೆ.

ಮುದ್ರಣಾಲಯ 2015ರಲ್ಲಿ ಮುಚ್ಚಿತು. ಎರಡು ತಿಂಗಳ ಸಂಬಳ ಬಾಕಿ. ಯಜಮಾನರು ಕೈಚೆಲ್ಲಿ, "ಇಲ್ಲಿರೋದ್ರಲ್ಲಿ ಏನು ಬೇಕೋ ತಗೊಂಡು ಹೋಗಮ್ಮ" ಎಂದರು. ಉಳಿದವರು ಕುರ್ಚಿ, ಫ್ಯಾನು, ಕಾಗದದ ರೀಮು ಎತ್ತಿಕೊಂಡರು. ಮೂಲೆಯಲ್ಲಿ ಧೂಳು ಹೊದ್ದು ನಿಂತಿದ್ದ ಡಬಲ್ ಪ್ರೊಸೆಸರನ್ನು ನಾನು ಆಟೊದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ. ಎರಡು ತಿಂಗಳ ಸಂಬಳಕ್ಕೆ ಗುಜರಿಯವನು 150 ರೂಪಾಯಿ ಕೊಡುತ್ತೇನೆಂದ. ಕೊಡಲಿಲ್ಲ. ಅಟ್ಟಕ್ಕೆ ಹಾಕಿದೆ. ಒಂಬತ್ತು ವರ್ಷ ಅಲ್ಲೇ ಇತ್ತು.

ಈಗ ಆ ಪೆಟ್ಟಿಗೆಯ ಒಳಗೇನಿದೆ ಎಂದು ಹೇಳಬೇಕು. ಅದರ ಮದರ್‌ಬೋರ್ಡಿನ ಹೆಸರು ಎಬಿಟ್ ಬಿಪಿ6. ತೈವಾನಿನ ಕಂಪನಿಯೊಂದು 1999ರಲ್ಲಿ ತಂದದ್ದು. ಅದರ ಮೇಲೆ ಪ್ರೊಸೆಸರ್ ಕೂರಿಸುವ ಮಣೆಗಳು ಎರಡು. ಆ ಕಾಲದಲ್ಲಿ ಎರಡು ಪ್ರೊಸೆಸರಿನ ಯಂತ್ರ ಎಂದರೆ ದೊಡ್ಡ ಕಚೇರಿಗಳ, ಸಂಶೋಧನಾಲಯಗಳ ಸೊತ್ತು. ಇಂಟೆಲ್ ಕಂಪನಿ ಅದಕ್ಕೆಂದೇ ದುಬಾರಿ ಪ್ರೊಸೆಸರುಗಳನ್ನು ಮಾರುತ್ತಿತ್ತು. ಮನೆಯವರಿಗೆ, ಸಣ್ಣ ಅಂಗಡಿಯವರಿಗೆ ಎಂದು ಸೆಲೆರಾನ್ ಎಂಬ ಅಗ್ಗದ ತಳಿ ಬೇರೆ. ಸೆಲೆರಾನ್ ಒಂಟಿಯಾಗಿ ದುಡಿಯಬೇಕು, ಜೋಡಿಯಾಗಿ ಕೂರಿಸುವ ಮಾತೇ ಇಲ್ಲ ಎಂಬುದು ಮಾರುವವರ ಲೆಕ್ಕ. ಆದರೆ ಆ ಅಗ್ಗದ ಚಿಪ್ಪಿನ ಒಳಗೆ ಜೋಡಿಯಾಗಿ ದುಡಿಯುವ ಶಕ್ತಿ ಇದ್ದೇ ಇತ್ತು. ಹವ್ಯಾಸಿಗಳು ಅದನ್ನು ಪತ್ತೆಹಚ್ಚಿದರು. ಏನನ್ನೂ ಕೊರೆಯದೆ, ಬೆಸೆಯದೆ ಎರಡು ಸೆಲೆರಾನುಗಳನ್ನು ಹಾಗೆಯೇ ಕೂರಿಸಬಹುದಾದ ಮೊದಲ ಬೋರ್ಡು ಈ ಬಿಪಿ6. ಮುಂದಿನ ತಲೆಮಾರಿನ ಸೆಲೆರಾನುಗಳಲ್ಲಿ ಕಂಪನಿ ಆ ಬಾಗಿಲನ್ನು ಮುಚ್ಚಿತು. ಅಗ್ಗ ಎಂದು ಚೀಟಿ ಹಚ್ಚಿದ ಮೇಲೆ ಅದು ಅಗ್ಗದ ಹಾಗೆಯೇ ನಡೆದುಕೊಳ್ಳಬೇಕಲ್ಲ! ಡಿಸೈನರ್ ಎಂದೂ ಆಪರೇಟರ್ ಎಂದೂ ಚೀಟಿ ಹಚ್ಚಿದ್ದನ್ನು ಕಂಡವಳಿಗೆ ಇದು ಹೊಸ ಸುದ್ದಿಯೇನಲ್ಲ.

ನನ್ನ ಬೋರ್ಡಿನಲ್ಲಿರುವುದು 366 ಮೆಗಾಹರ್ಟ್ಸಿನ ಎರಡು ಸೆಲೆರಾನುಗಳು. ಒಂದೊಂದರಲ್ಲೂ 128 ಕಿಲೋಬೈಟಿನ ಒಳ ಸ್ಮೃತಿ. ಎರಡು ಸೇರಿದರೆ 732 ಆಗುತ್ತದೆಯೇ ಎಂದು ಅಕ್ಕನ ಮಗ ಕೇಳಿದ. ಆಗುವುದಿಲ್ಲ. ಎರಡು ಒಲೆ ಇದ್ದ ಮಾತ್ರಕ್ಕೆ ಅನ್ನ ಅರ್ಧ ಹೊತ್ತಿಗೆ ಬೇಯುತ್ತದೆಯೇ? ಒಂದರ ಮೇಲೆ ಅನ್ನ, ಇನ್ನೊಂದರ ಮೇಲೆ ಹುಳಿ ಇಟ್ಟರೆ ಊಟ ಬೇಗ ಆಗುತ್ತದೆ, ಅಷ್ಟೇ. ಕೆಲಸವನ್ನು ಹಾಗೆ ಹಂಚಿಕೊಡುವ ಯಜಮಾನಿಕೆ ಬೇಕು. ಹಂಚಲಾಗದ ಭಾಗ ಎಷ್ಟಿದೆಯೋ ಅಷ್ಟಕ್ಕೆ ವೇಗ ನಿಲ್ಲುತ್ತದೆ ಎಂದು ಜೀನ್ ಆಮ್ಡಾಲ್ ಎಂಬ ಎಂಜಿನಿಯರ್ 1967ರಲ್ಲೇ ತೋರಿಸಿದ್ದಾರೆ. ಅಡಿಗೆ ಮನೆಯಲ್ಲಿ ಅದು ಅದಕ್ಕೂ ಮೊದಲೇ ಗೊತ್ತಿತ್ತು.

ಆಟದ ಯಂತ್ರಕ್ಕೆ ಎರಡು ಪ್ರೊಸೆಸರ್ ಯಾಕೆ ಎಂದು ತಿಳಿದವರೂ ನಗುತ್ತಾರೆ. ಅವರ ನಗುವಿನಲ್ಲಿ ನ್ಯಾಯವಿದೆ. ಆ ಕಾಲದ ಆಟಗಳನ್ನು ಬರೆದದ್ದೇ ಒಂದು ಪ್ರೊಸೆಸರಿಗೆ. ಮನೆಮನೆಯಲ್ಲಿದ್ದ ವಿಂಡೋಸ್ 98ಕ್ಕೆ ಎರಡನೆಯದು ಇದೆ ಎಂಬುದೇ ಗೊತ್ತಾಗುವುದಿಲ್ಲ. ಕರೆಂಟು ಇಬ್ಬರಿಗೂ, ಫ್ಯಾನು ಇಬ್ಬರಿಗೂ, ದುಡಿಯುವುದು ಒಬ್ಬರು. "ನಮ್ಮ ಮನೆಯ ಹಾಗೇ" ಎಂದೆ. ಇವರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಎರಡನೆಯದನ್ನೂ ಗುರುತಿಸಿ ಕೆಲಸ ಕೊಡುವುದು ವಿಂಡೋಸ್ ಎನ್‌ಟಿ, ಆಮೇಲೆ 2000ದ ಫೆಬ್ರವರಿಯಲ್ಲಿ ಬಂದ ವಿಂಡೋಸ್ 2000. ಆಟಗಳಲ್ಲಿ ಎರಡನ್ನೂ ದುಡಿಸಿಕೊಳ್ಳಲು ಬಲ್ಲದ್ದು ಬೆರಳೆಣಿಕೆಯವು, ಅವುಗಳಲ್ಲಿ ಕ್ವೇಕ್ 3 ಒಂದು. ಒಂದು ಸಣ್ಣ ಆಜ್ಞೆ ಟೈಪ್ ಮಾಡಿದರೆ ಆಟದ ಲೆಕ್ಕಾಚಾರ ಒಂದು ಪ್ರೊಸೆಸರಿಗೆ, ಚಿತ್ರ ಬಿಡಿಸುವ ತಯಾರಿ ಇನ್ನೊಂದಕ್ಕೆ ಹಂಚಿಕೆಯಾಗುತ್ತದೆ. 1999ರಲ್ಲಿ ಇದನ್ನು ಹುಚ್ಚು ಎಂದವರು ಬಹಳ. 2005ರಲ್ಲಿ ಒಂದೇ ಚಿಪ್ಪಿನೊಳಗೆ ಎರಡು ಪ್ರೊಸೆಸರ್ ಇಟ್ಟು ಮನೆಬಳಕೆಗೆ ಮಾರಲು ಶುರುವಾಯಿತು. ಈಗ ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ಎಂಟು ಇದ್ದರೂ ಆಶ್ಚರ್ಯವಿಲ್ಲ.

ಕೆಲಸ ಶುರು ಮಾಡಿದ್ದು ಒಂದು ಭಾನುವಾರ ಮಧ್ಯಾಹ್ನ. ಕ್ಯಾಬಿನೆಟ್ ಬಿಚ್ಚಿದರೆ ಒಳಗೆ ಹಲ್ಲಿಯ ಮೊಟ್ಟೆ, ಜೇಡರ ಬಲೆ, ಮುದ್ರಣಾಲಯದ ಕಾಗದದ ಹೊಟ್ಟು. ಬಣ್ಣ ಹಚ್ಚುವ ಕುಂಚದಿಂದ ಗುಡಿಸಿದೆ. ರ‍್ಯಾಮ್ ಪಟ್ಟಿಯ ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಇದು ನಾನು ಮುದ್ರಣಾಲಯದಲ್ಲಿ ಸರ್ವಿಸಿಗೆ ಬರುತ್ತಿದ್ದವನನ್ನು ದೂರದಿಂದ ನೋಡಿ ಕಲಿತ ವಿದ್ಯೆ, ಆಗ ಮುಟ್ಟಲು ಬಿಟ್ಟಿರಲಿಲ್ಲ. ಬೋರ್ಡಿನ ಗುಂಡಿ ಸೆಲ್ಲು ಸತ್ತಿತ್ತು, 30 ರೂಪಾಯಿಗೆ ಹೊಸದು ಬಂತು. ಪ್ರೊಸೆಸರುಗಳ ಮೇಲಿನ ಶಾಖ ಹೀರುವ ಲೋಹದ ಬಿಲ್ಲೆ ಕೀಳುವುದೇ ದೊಡ್ಡ ಸಾಹಸ. ಅದರ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಬಿಡಿಸಬೇಕು, ಜಾರಿದರೆ ಬೋರ್ಡಿನ ತಂತಿಗೆರೆ ಹರಿದುಹೋಗುತ್ತದೆ. ಉಸಿರು ಹಿಡಿದು ಒತ್ತಿದೆ. ಹಳೆಯ ಪೇಸ್ಟು ಒಣಗಿ ಸುಣ್ಣದ ಹಕ್ಕಳೆಯ ಹಾಗಾಗಿತ್ತು.

ಅದನ್ನು ಒರೆಸಿ ಚಿಪ್ಪನ್ನು ತಿರುಗಿಸಿದರೆ, ಅದು ತಯಾರಾದ ಊರಿನ ಗುರುತು: ಮಲಯ್. ಮಲೇಷ್ಯಾದ್ದು. ಇಂಟೆಲ್ ತನ್ನ ಮೊದಲ ಹೊರದೇಶದ ಜೋಡಣಾ ಕಾರ್ಖಾನೆಯನ್ನು 1972ರಲ್ಲಿ ತೆರೆದದ್ದು ಅಲ್ಲಿನ ಪೆನಾಂಗಿನಲ್ಲಿ. ಆ ದಶಕದಲ್ಲಿ ಅಂಥ ಕಾರ್ಖಾನೆಗಳಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಕೂದಲಿಗಿಂತ ತೆಳುವಾದ ಬಂಗಾರದ ತಂತಿಯನ್ನು ಚಿಪ್ಪಿಗೆ ಬೆಸೆಯುತ್ತಿದ್ದವರು ಬಹುಪಾಲು ಹಳ್ಳಿಗಳಿಂದ ಬಂದ ಹುಡುಗಿಯರು. ಹೆಂಗಸರ ಬೆರಳು ಚುರುಕು, ತಾಳ್ಮೆ ಹೆಚ್ಚು ಎಂದು ಹೇಳಿ ಕೆಲಸಕ್ಕೆ ತೆಗೆದುಕೊಂಡರು. ಕೂಲಿ ಕಡಿಮೆ ಎಂಬುದನ್ನು ಅಷ್ಟು ಜೋರಾಗಿ ಹೇಳಲಿಲ್ಲ. ನಮ್ಮಲ್ಲೂ ಎಚ್.ಎಂ.ಟಿ.ಯ ಗಡಿಯಾರ ಕಾರ್ಖಾನೆಯಲ್ಲಿ ಸಾಲಾಗಿ ಕೂತು ಕೈಗಡಿಯಾರ ಜೋಡಿಸಿದ ಹೆಂಗಸರನ್ನು ನೆನಪಿಸಿಕೊಳ್ಳಿ. ಕಾರ್ಖಾನೆಯಲ್ಲಿ ಕೂಲಿಗೆ ಕೂತಾಗ ಹೆಂಗಸಿನ ಬೆರಳು ಯಂತ್ರಕ್ಕೆ ಹೇಳಿಮಾಡಿಸಿದ್ದು. ಅದೇ ಬೆರಳು ತನ್ನ ಖುಷಿಗೆ ಸ್ಕ್ರೂಡ್ರೈವರ್ ಹಿಡಿದರೆ, "ಹುಷಾರು ಕಣೇ, ಶಾಕ್ ಹೊಡೆದೀತು!"

ಶಾಕ್ ಹೊಡೆಯಲಿಲ್ಲ, ಆದರೆ ಢಮ್ ಎಂದಿತು. ಮೊದಲ ಸಲ ಕರೆಂಟು ಕೊಟ್ಟಾಗ ಹಳೆಯ ಎಸ್‌ಎಂಪಿಎಸ್ ಪೆಟ್ಟಿಗೆಯೊಳಗಿನ ಕೆಪಾಸಿಟರ್ ಒಡೆದು ಮನೆಯೆಲ್ಲ ಸುಟ್ಟ ಮೀನಿನ ವಾಸನೆ. ನಮ್ಮ ಸಸ್ಯಾಹಾರಿ ಓಣಿಯಲ್ಲಿ ಅದೊಂದು ಹಗರಣವೇ ಆಯಿತು. ಅತ್ತೆಯವರು ಧೂಪ ಹಾಕಿದರು. ಹೊಸ ಎಸ್‌ಎಂಪಿಎಸ್ ತರಲು ಊರಿನ ಅಂಗಡಿಗೆ ಹೋದೆ. ಕೌಂಟರಿನ ಹುಡುಗ ನನ್ನ ಬೆನ್ನ ಹಿಂದೆ ನೋಡಿ, "ಸಾರ್ ಬಂದಿಲ್ವಾ ಆಂಟಿ?" ಎಂದ. ಇಲ್ಲ ಎಂದೆ. "ಏನು ಬೇಕಂತೆ ಅವರಿಗೆ?" ಎಂದ. ನನಗೆ ಬೇಕಾದ್ದನ್ನು ಹೇಳಿದೆ: ಈ ಬೋರ್ಡಿನದು 20 ಪಿನ್ನಿನ ಕನೆಕ್ಟರ್, ಈಗಿನವು 24 ಪಿನ್ನಿನವು, ನಾಲ್ಕು ಪಿನ್ ಹೊರಗೆ ಜೋತುಬಿದ್ದರೂ ನಡೆಯುತ್ತದೆ, ಆದರೆ ಹಳೆಯ ಬೋರ್ಡುಗಳು 5 ವೋಲ್ಟಿನಿಂದ ಹೆಚ್ಚು ಎಳೆಯುತ್ತವೆ, ಹೊಸವು 12 ವೋಲ್ಟಿಗೆ ಒತ್ತುಕೊಟ್ಟಿರುತ್ತವೆ, ಹಾಗಾಗಿ ಚೀಟಿಯಲ್ಲಿ 5 ವೋಲ್ಟಿನ ಆಂಪಿಯರ್ ಎಷ್ಟಿದೆ ತೋರಿಸಪ್ಪ. ಹುಡುಗ ಎರಡು ನಿಮಿಷ ಸುಮ್ಮನಿದ್ದು, ಆಮೇಲೆ "ಮೇಡಂ" ಎಂದು ಕರೆದ. ಆಂಟಿಯಿಂದ ಮೇಡಂವರೆಗಿನ ಪ್ರಯಾಣಕ್ಕೆ 900 ರೂಪಾಯಿ ಬಿತ್ತು.

ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎಂದು ನರಳಿ ಸತ್ತಿತು. ಅದರ ಬದಲು ಕ್ಯಾಮೆರಾಗೆ ಹಾಕುತ್ತಿದ್ದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನು ಒಂದು ಸಣ್ಣ ಅಡಾಪ್ಟರ್ ಮೂಲಕ ಸಿಕ್ಕಿಸಿದೆ. ಮೊದಲು ವಿಂಡೋಸ್ 98, ಆಮೇಲೆ ಇನ್ನೊಂದು ಭಾಗದಲ್ಲಿ ವಿಂಡೋಸ್ 2000; ಈ ಕ್ರಮ ತಪ್ಪಿದರೆ ಎರಡೂ ಜಗಳವಾಡುತ್ತವೆ. 98 ಬೇಕಾದದ್ದು ಪ್ರಿನ್ಸ್ ಆಫ್ ಪರ್ಶಿಯಾದಂಥ ಹಳೆಯ ಡಾಸ್ ಆಟಗಳಿಗೆ. ಎರಡೂ ಪ್ರೊಸೆಸರುಗಳನ್ನು ಬಿಪಿ6ರ ಅಭಿಮಾನಿಗಳು 550ರವರೆಗೆ ಓಡಿಸುತ್ತಾರೆ. ನಾನು 366ರಲ್ಲೇ ಬಿಟ್ಟೆ. ಇಪ್ಪತ್ತೈದು ದಾಟಿದ ಯಂತ್ರ, ಅದರ ಪಾಡಿಗೆ ಅದು ನಡೆಯಲಿ. ಒಂದು ರಾತ್ರಿ ಹನ್ನೊಂದು ಗಂಟೆಗೆ ವಿಂಡೋಸ್ 2000 ತೆರೆದುಕೊಂಡಿತು. ಟಾಸ್ಕ್ ಮ್ಯಾನೇಜರ್ ಒತ್ತಿದೆ. ಹಸಿರು ಗೆರೆಯ ಚೌಕಗಳು ಎರಡು! ಎಡಗಡೆಯದೂ ಬಲಗಡೆಯದೂ ಒಟ್ಟಿಗೆ ಏರಿಳಿಯುತ್ತಿದ್ದವು. ಇವರನ್ನು ಎಬ್ಬಿಸಿ ತೋರಿಸಿದೆ. "ಚೆನ್ನಾಗಿದೆ, ಮಲಕ್ಕೋ" ಎಂದರು.

ಇಷ್ಟಕ್ಕೆ ಐದು ತಿಂಗಳ ಭಾನುವಾರಗಳು ಹೋದವು. ಒಂದು ಸಲ ಹಾಲು ಉಕ್ಕಿತು, ಒಂದು ಸಲ ದೋಸೆಗೆ ನೆನೆಸುವುದು ಮರೆತುಹೋಯಿತು. ಹಾಲು ಉಕ್ಕಿದ ದಿನ ಇವರು, "ನಿನ್ನ ಆ ಪೆಟ್ಟಿಗೆಯನ್ನ ಎಸೆದುಬಿಡ್ತೀನಿ ನೋಡು" ಎಂದರು. ಅದೇ ಹೊತ್ತಿಗೆ ಒಲೆಯಿಂದ ಆರು ಹೆಜ್ಜೆ ದೂರದಲ್ಲಿ ಕೂತು ಅವರು ಪತ್ರಿಕೆ ಓದುತ್ತಿದ್ದರು. ಆ ಪತ್ರಿಕೆಯನ್ನು ಎಸೆಯುತ್ತೇನೆಂದು ಯಾರೂ ಹೇಳಲಿಲ್ಲ.

ಬೈದವರಿಗಿಂತ ನನ್ನ ಪರ ವಹಿಸಿದವರ ಮೇಲೆ ನನಗೆ ಹೆಚ್ಚು ಸಿಟ್ಟು. ನಾದಿನಿ ಹೇಳಿದಳು, "ಮೊಮ್ಮಕ್ಕಳು ಕಲಿಯೋಕಾಗುತ್ತೆ ಬಿಡಿ ಅತ್ತಿಗೆ." ಪಕ್ಕದ ಮನೆಯ ನಿವೃತ್ತ ಟೀಚರ್ ಹೇಳಿದರು, "ಇಂಥದ್ದು ಮಾಡಿದರೆ ಮರೆವಿನ ಕಾಯಿಲೆ ಬರೋಲ್ವಂತೆ, ಒಳ್ಳೇದೇ." ಅಕ್ಕನ ಮಗ, "ಪರಿಸರಕ್ಕೆ ಒಳ್ಳೇದು ಚಿಕ್ಕಮ್ಮಾ, ಇ-ತ್ಯಾಜ್ಯ ಕಡಿಮೆ ಮಾಡಿದೀರಿ" ಎಂದ. ಮೂವರದ್ದೂ ಪ್ರೀತಿಯೇ. ಆದರೆ ಕೇಳಿ: ಒಬ್ಬ ಹೆಂಗಸು ಆಟವಾಡಲು ಅನುಮತಿ ಸಿಗಬೇಕಾದರೆ ಆ ಆಟ ಮಕ್ಕಳಿಗೋ, ಮೆದುಳಿಗೋ, ಭೂಮಿಗೋ ಒಂದು ಸೇವೆಯಾಗಿರಲೇಬೇಕೇ? ನಾವು ಹೊಲಿದರೆ ಜಾಕೀಟಿನ ಕೂಲಿ ಉಳಿಯಿತು ಎನ್ನಬೇಕು, ತೋಟ ಮಾಡಿದರೆ ಕರಿಬೇವು ಕೊಳ್ಳುವುದು ತಪ್ಪಿತು ಎನ್ನಬೇಕು, ನಡೆದಾಡಿದರೆ ಸಕ್ಕರೆ ಕಾಯಿಲೆ ಇಳಿಯಿತು ಎನ್ನಬೇಕು. ನಮ್ಮ ಪತ್ರಿಕೆಗಳ ಮಹಿಳಾ ಪುಟಗಳನ್ನೇ ನೋಡಿ. ಎಷ್ಟು ವರ್ಷ ನಮಗೆ "ಕಸದಿಂದ ರಸ" ಕಲಿಸಿದವು! ಒಡೆದ ಬಳೆಯಿಂದ ಹೂಕುಂಡ, ಹಳೆಯ ಸೀರೆಯಿಂದ ಕಾಲೊರಸು. ನಾನೂ ಎರಡು ಹೂಕುಂಡ ಮಾಡಿ ಟೀವಿಯ ಮೇಲೆ ಇಟ್ಟವಳೇ. ಆ ಪುಟಗಳು ನಮಗೆ ಹೇಳಿಕೊಟ್ಟದ್ದು ಬಿಡುವು ಎಂಬುದೂ ಒಂದು ಕಸ, ಅದನ್ನೂ ರಸ ಮಾಡದೆ ಬಿಡಬಾರದು ಎಂದು.

ಹಾಗಾಗಿ ನಾನು ಆ ಮೂರೂ ಸಮರ್ಥನೆಗಳನ್ನು ವಾಪಸು ಕೊಟ್ಟಿದ್ದೇನೆ. ಮೊಮ್ಮಕ್ಕಳು ಇನ್ನೂ ಹುಟ್ಟಿಲ್ಲ. ಮರೆವು ಬರುವಾಗ ಬರುತ್ತದೆ. ಪರಿಸರದ ಮಾತಿನಲ್ಲಿ ಸತ್ಯವಿದೆ, ಒಪ್ಪುತ್ತೇನೆ. ನಮ್ಮ ದೇಶದಲ್ಲಿ ಇ-ತ್ಯಾಜ್ಯದ ನಿಯಮಗಳು ಬಂದದ್ದೇ 2011ರಲ್ಲಿ. ಇಂದಿಗೂ ಗುಜರಿ ಓಣಿಗಳಲ್ಲಿ ಬೋರ್ಡು ಸುಟ್ಟು, ಆಸಿಡ್ಡಿನಲ್ಲಿ ಅದ್ದಿ, ಚೂರು ಬಂಗಾರ, ತಾಮ್ರ ತೆಗೆಯುವ ಹೊಗೆಯನ್ನು ಕುಡಿಯುವವರಲ್ಲಿ ಹೆಂಗಸರೂ ಮಕ್ಕಳೂ ಇದ್ದಾರೆ. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ನಿಂತಾಗ ಚೆನ್ನಾಗಿಯೇ ಇದ್ದ ಎಷ್ಟೋ ಯಂತ್ರಗಳಿಗೆ ಒಂದೇ ದಿನದಲ್ಲಿ ವಯಸ್ಸಾಯಿತು. ಇದೆಲ್ಲ ದೊಡ್ಡ ವಿಷಯ, ಅದಕ್ಕೆ ಬೇರೆ ಹೋರಾಟ ಬೇಕು. ನಾನು ಒಂದು ಪೆಟ್ಟಿಗೆ ಉಳಿಸಿದ್ದು ಅದಕ್ಕಲ್ಲ. ಭಾವನವರು ಯೆಜ್ಡಿ ಜೋಡಿಸುವುದು ಪೆಟ್ರೋಲ್ ಉಳಿಸಲಿಕ್ಕಲ್ಲವಲ್ಲ.

ಹಳೆಯದೇ ಚೆಂದ ಎಂದೂ ನಾನು ಹೇಳುತ್ತಿಲ್ಲ. ಒರಳುಕಲ್ಲಿನ ಚಟ್ನಿಯ ರುಚಿ ಮಿಕ್ಸಿಯದಕ್ಕಿಲ್ಲ ಎನ್ನುವವರು ಸಾಮಾನ್ಯವಾಗಿ ರುಬ್ಬುವವರಲ್ಲ. ಆ ಆಟಗಳನ್ನೆಲ್ಲ ಈಗಿನ ಲ್ಯಾಪ್‌ಟಾಪಿನಲ್ಲೇ ಆಡಬಹುದು, ಹಳೆಯ ಯಂತ್ರದ ವೇಷ ಹಾಕುವ ತಂತ್ರಾಂಶಗಳಿವೆ, ಅಕ್ಕನ ಮಗ ಹತ್ತು ನಿಮಿಷದಲ್ಲಿ ಹಾಕಿ ತೋರಿಸಿದ. ಚೆನ್ನಾಗಿಯೇ ಓಡಿತು. ಆದರೆ ಗಾಜಿನ ಬಾಗಿಲಿನ ಹಿಂದೆ ಇದ್ದದ್ದು ಆ ಲ್ಯಾಪ್‌ಟಾಪಲ್ಲ.

"ಇದು ಗಂಡಸರ ಲೋಕ" ಎಂಬ ಮಾತಿಗೆ ಉತ್ತರ ಇತಿಹಾಸದಲ್ಲೇ ಇದೆ, ಬೇಕಾದವರು ತೆಗೆದು ನೋಡಬಹುದು. 1946ರಲ್ಲಿ ಅಮೆರಿಕದ ಎನಿಯಾಕ್ ಯಂತ್ರಕ್ಕೆ ಪ್ರೋಗ್ರಾಂ ಕಟ್ಟಿದವರು ಆರು ಹೆಂಗಸರು. ಅವರ ಹೆಸರು ಹೊರಗೆ ಬರಲು ದಶಕಗಳೇ ಬೇಕಾದವು. ರಾಬರ್ಟಾ ವಿಲಿಯಮ್ಸ್ ಎಂಬ ಗೃಹಿಣಿ 1980ರಲ್ಲಿ ಮಿಸ್ಟರಿ ಹೌಸ್ ಎಂಬ ಆಟ ಹೆಣೆದರು, ಚಿತ್ರವಿರುವ ಸಾಹಸದ ಆಟಗಳಿಗೆ ದಾರಿ ತೆರೆದರು. ಕರೋಲ್ ಶಾ 1982ರಲ್ಲಿ ರಿವರ್ ರೇಡ್ ಬರೆದರು. ನದಿಯ ಮೇಲೆ ಹಾರುವ ಆ ಪುಟ್ಟ ವಿಮಾನವನ್ನು ಆಡಿದ ಹುಡುಗರಲ್ಲಿ ಎಷ್ಟು ಮಂದಿಗೆ ಅದು ಒಬ್ಬ ಹೆಂಗಸಿನ ಕೈಕೆಲಸ ಎಂದು ಗೊತ್ತಿತ್ತು? ಆದರೂ ಒಂದು ಮಾತು. ಇವರು ಯಾರೂ ಹುಟ್ಟದಿದ್ದರೂ ನನಗೆ ಆ ಮಳೆಯ ಸಂಜೆ ಒಂದು ಸಲ ಆಡಲು ಕೊಡಬೇಕಿತ್ತು. ಸಾಧಕಿಯರ ಪಟ್ಟಿ ತೋರಿಸಿ ಪ್ರವೇಶ ಪಡೆಯುವುದೂ ಒಂದು ಬಗೆಯ ಉಪಯೋಗದ ಲೆಕ್ಕವೇ.

ಆಟ ಹೇಗಿದೆ ಎಂದು ಕೇಳುತ್ತೀರಿ. ನಿಜ ಹೇಳಬೇಕೆಂದರೆ ಕ್ವೇಕ್ 3ರಲ್ಲಿ ಕಥೆಯಿಲ್ಲ, ಕರುಣೆಯಿಲ್ಲ. ಓಡು, ಹಾರು, ಹೊಡೆ, ಸಾಯಿ, ಮತ್ತೆ ಏಳು. ನನಗೆ ಅದರ ರಕ್ತಪಾತ ಹಿಡಿಸುವುದಿಲ್ಲ, ಹಾರಾಟ ಹಿಡಿಸುತ್ತದೆ. ಕೊನೆಗೂ ಆ ಸಣ್ಣ ಆಜ್ಞೆ ಟೈಪ್ ಮಾಡಿ ಎರಡನೆಯ ಪ್ರೊಸೆಸರಿಗೂ ಕೆಲಸ ಹಚ್ಚಿದೆ. ಮೂರು ಸಲ ಪರದೆ ಸ್ತಬ್ಧವಾಯಿತು, ನಾಲ್ಕನೆಯ ಸಲ ಓಡಿತು. ಚಿತ್ರದ ಕಾರ್ಡು ಆ ಕಾಲದ್ದೇ ಟಿಎನ್‌ಟಿ2, ಅದಕ್ಕೆ ಅದರದ್ದೇ ಮಿತಿ. ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. ಐದು ತಿಂಗಳು ಒದ್ದಾಡಿ ಜೋಡಿಸಿದ್ದರ ಲಾಭ ಕಣ್ಣಿಗೆ ಕಾಣದಷ್ಟು ಎಂದು ಗೊತ್ತಾದಾಗ ನನಗೆ ನಗು ಬಂತು, ಬೇಸರವಾಗಲಿಲ್ಲ. ಡಿಸೈನರ್ ಹುಡುಗ ಒಂದು ವಿಷಯದಲ್ಲಿ ಸುಳ್ಳು ಹೇಳಿರಲಿಲ್ಲ, ಮೊದಲ ವಾರ ತಲೆ ತಿರುಗಿತು. ಅವನಿಗೂ ಮೊದಲ ವಾರ ತಿರುಗಿರಬೇಕು.

ಖರ್ಚು ಎಲ್ಲ ಸೇರಿ 3,000ದ ಆಸುಪಾಸು. ಒಂದು ಒಳ್ಳೆಯ ಸೀರೆಯ ಬೆಲೆಯೂ ಅಲ್ಲ ಎಂದು ಬರೆಯಹೊರಟು ಹೊಡೆದುಹಾಕಿದೆ. 30,000 ಆಗಿದ್ದರೂ ನನ್ನ ದುಡ್ಡೇ.

ಹೋದ ತಿಂಗಳು, ಆಗ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಟೈಪ್ ಮಾಡುತ್ತಿದ್ದ ಗೆಳತಿಯನ್ನು ಕರೆದೆ. ಈಗ ರಾಣೆಬೆನ್ನೂರಿನಲ್ಲಿದ್ದಾಳೆ, ಮೊಣಕಾಲು ನೋವು, ಮಗಳ ಬಾಣಂತನ ಮುಗಿಸಿ ಬಂದಿದ್ದಳು. ಪೆಟ್ಟಿಗೆಯನ್ನು ನೋಡಿದವಳೇ ಗುರುತು ಹಿಡಿದಳು. "ಅಯ್ಯೋ, ಇದು ಒಳಗಿನ ಮಿಶಿನ್ ಅಲ್ವೇನೇ!" ಎಂದು ಅದರ ನೆತ್ತಿಯ ಮೇಲೆ ಕೈ ಇಟ್ಟಳು. ನಮ್ಮ ಹಳೆಯ ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ಅದಕ್ಕೆ ಜೋಡಿಸಿದೆ. ಅವಳನ್ನು ಡಬಲ್ ಪ್ರೊಸೆಸರಿನ ಮುಂದೆ ಕೂರಿಸಿ, ಯಾವ ಬೆರಳು ಎಲ್ಲಿ ಎಂದು ಹೇಳಿಕೊಟ್ಟೆ. ಕನ್ನಡ ಟೈಪ್ ಮಾಡಿದ ಕೈ, ಹೇಳುವುದೇನಿದೆ. ಅರ್ಧ ಗಂಟೆಯಲ್ಲಿ ನನ್ನನ್ನು ಹದಿನಾಲ್ಕು ಸಲ ಕೊಂದಳು. ಇವರು ಬಂದು ಬಾಗಿಲಲ್ಲಿ ನಿಂತು, ಕಾಫಿ ಬೇಕೇನು ಎಂದು ಕೇಳಿದರು. ಇಬ್ಬರಿಗೂ ಬೇಕು ಎಂದೆವು, ಪರದೆಯಿಂದ ಕಣ್ಣು ತೆಗೆಯದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಗಡಿಯಾರ ನೋಡಿ, "ಆರೂವರೆ ಬಸ್ಸು ಹೋತು ಕಣೇ" ಎಂದಳು. ಹೇಳಿ, ಮತ್ತೆ ಮೌಸ್ ಹಿಡಿದಳು.